ಟೈಟ್ರೇಶನ್ ಲೈಟ್ ಹಚ್ಚಿ ತೋರಸ್ರಿ

ಸಂಪಾದಕರಿಗಿ ನಮಸ್ಕಾರ್ರಿ,

ನಮ್ಮ ಕಲಬುರಗಿ ಕಡಿ ಪಿಯು ಹುಡುಗ್ರು ಟೈಟ್ರೇಶನ್ (ಒಂದು ದ್ರಾವಣಕ್ಕ ಇನ್ನೊಂದು ಹನಿಹನಿ ಬಿಟ್ಟು ಅದರಾಗ ಎಷ್ಟದ ಅಂತ ಅಳಿಯೋ ಪ್ರಯೋಗ) ಅಂದ್ರ ಫಿನಾಲ್ಫ್ಥಲೀನ್ ಅನ್ನೋ ಬಣ್ಣ ಬದಲಾಗೋ ಸೂಚಕ ಹಾಕಿ ಗುಲಾಬಿ ಬಣ್ಣ ನೋಡಿ ರೀಡಿಂಗ್ ಬರಕೊಳ್ತಾರ, ಒಳಗ ಅಯಾನುಗಳದ್ದು (ದ್ರಾವಣದಾಗ ಕರೆಂಟ್ ಒಯ್ಯೋ ಕಣಗಳದ್ದು) ಏನಾಗ್ತದ ಅಂತ ಕೇಳಿದ್ರ ಸುಮ್ಮನ. ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದಾಗ ಎರಡು ಗ್ರಾಫೈಟ್ ಕಡ್ಡಿ ಇಟ್ಟು 9 ವೋಲ್ಟ್ ಬ್ಯಾಟರಿ, ರೆಸಿಸ್ಟರ್, ಎಲ್‌ಇಡಿ ಜೋಡಿಸಿ ಸಲ್ಫ್ಯೂರಿಕ್ ಆಸಿಡ್ ಹನಿಹನಿ ಬಿಟ್ರ ಬೇರಿಯಂ ಸಲ್ಫೇಟ್ ಬೆಳ್ಳಗ ಕೆಳಗ ಕೂಡ್ತದ, ಉಳಿಯೋದು ನೀರು, ಕರೆಂಟ್ ಒಯ್ಯಾಕ ಅಯಾನು ಬಾಳ ಕಮ್ಮಿ ಆಗ್ತಾವ, ಹಿಂಗಾಗಿ ಲೈಟ್ ಮಂದ ಆಗ್ತಾ ಆಗ್ತಾ ಹೆಚ್ಚುಕಮ್ಮಿ ಆರೇ ಹೋಗ್ತದ, ಇನ್ನಷ್ಟು ಆಸಿಡ್ ಬಿದ್ರ ಮತ್ತ ಹತ್ತತದ! ಹೈಡ್ರೋಕ್ಲೋರಿಕ್ ಆಸಿಡ್, ಸೋಡಿಯಂ ಹೈಡ್ರಾಕ್ಸೈಡ್ ತಗೊಂಡ್ರ ಹಿಂಗ ಆರಲ್ಲ, ಅಲ್ಲಿ ಆಗೋ ಉಪ್ಪು ಅಯಾನುಗಳಾಗಿ ನೀರಾಗೇ ಕರಗಿ ಇರ್ತದಲ್ರಿ. ಬೇರಿಯಂ ವಿಷ, ಅದಕ್ಕ ಸರ್ ಅವ್ರೇ ಮಾಡಿ ತೋರಸ್ಲಿ, ಮನಿ ಕರೆಂಟ್ ಬಲ್ಬ್ ಅಂತೂ ಬ್ಯಾಡೇ ಬ್ಯಾಡ. ಪ್ರಾಕ್ಟಿಕಲ್ ಶುರು ಆಗೂದ್ರಾಗ ಇಲಾಖೆಯವ್ರು ಇದನ್ನ ಸೇರಸ್ಬೇಕ್ರಿ.

– ಒಬ್ಬ ಪಾಲಕ, ಕಲಬುರಗಿ