ಲೈಟು ಹತ್ತಿದ ತಕ್ಷಣ ಸೆನ್ಸರ್ ಬದಲಿಸಬೇಡಿ, ಮೊದಲು ವೈರು ನೋಡಿ

ಮಾನ್ಯ ಸಂಪಾದಕರೇ,

ಹತ್ತು ವರ್ಷ ದಾಟಿದ ಕಾರು ಇಟ್ಟುಕೊಂಡವರಿಗೆಲ್ಲ ಡ್ಯಾಶ್‌ಬೋರ್ಡಿನ ಆ ಹಳದಿ ‘ಚೆಕ್ ಎಂಜಿನ್’ ಲೈಟಿನ ಪರಿಚಯ ಇದ್ದೇ ಇರುತ್ತದೆ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕುತ್ತಾರೆ, ತೊಂದರೆ ಯಾವ ಕಡೆ ಅಂತ ಹೇಳುವ ಒಂದು ಕೋಡ್ ಬರುತ್ತದೆ, ‘ಸೆನ್ಸರ್ ಹೋಗಿದೆ ಸಾರ್’ ಅಂತಾರೆ. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸಿಕೊಂಡು ಬಂದರೆ ಸ್ವಲ್ಪ ದಿನಕ್ಕೇ ಲೈಟು ಮತ್ತೆ ಹಾಜರ್. ಇದು ನಮ್ಮೂರಿನ ಕತೆ ಮಾತ್ರ ಅಲ್ಲ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2014ರ ಪೆಟ್ರೋಲ್ ಕಾರು. ಬಂದ ಕೋಡ್ ಪಿ0135. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಬೇಗ ಬಿಸಿಯಾಗಲಿ ಅಂತ ಅದರೊಳಗೆ ಪುಟ್ಟ ಹೀಟರ್ ಇರುತ್ತದೆ. ಆ ಹೀಟರ್ ಸರ್ಕ್ಯೂಟಿನಲ್ಲಿ ಎಲ್ಲೋ ತೊಂದರೆ ಇದೆ, ಕೋಡ್ ಹೇಳೋದು ಇಷ್ಟೇ. ಫ್ಯೂಸು, ವೈರು, ವೈರನ್ನು ಸೆನ್ಸರಿಗೆ ಜೋಡಿಸುವ ಕಪ್ಲರ್, ಸೆನ್ಸರ್, ಎಲ್ಲಿ ಬೇಕಾದರೂ ಇರಬಹುದು. ನಾನು ಹೋದ ಗ್ಯಾರೇಜಿನಲ್ಲಿ ಬೇರೆ ಯಾವುದನ್ನೂ ಮುಟ್ಟದೆ ನೇರ ಸೆನ್ಸರ್ ಬದಲಾಯಿಸಿದರು. ಲೈಟು ಬಂತು. ‘ಡೂಪ್ಲಿಕೇಟ್ ಪೀಸ್ ಇರಬೇಕು, ಒರಿಜಿನಲ್ ಹಾಕೋಣ’ ಅಂದರು. ಅದೂ ಆಯಿತು, ಲೈಟು ಮತ್ತೂ ಬಂತು. ಕೊನೆಗೆ ಪೇಟೆಯ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಎಂಜಿನ್ ಚಾಲೂ ಇಟ್ಟು, ಮಲ್ಟಿಮೀಟರ್ ಹಿಡಿದು, ಕಪ್ಲರಿಗೆ 12 ವೋಲ್ಟ್ ಬರ್ತಿದೆಯಾ ಅಂತ ನೋಡಿದರು. ಬರ್ತಿರಲಿಲ್ಲ. ಬ್ಯಾಟರಿ ಹತ್ತಿರ ಹಾದುಹೋಗುವ ವೈರನ್ನು ಇಲಿ ಕಡಿದು ಹಾಕಿತ್ತು! ಅದಕ್ಕೆ ಬೆಸುಗೆ ಹಾಕಿ ಸ್ಲೀವ್ ತೊಡಿಸಿದರು, ಲೈಟು ಹೋಯಿತು. ಬಿಚ್ಚಿ ಎಸೆಯಲು ಇಟ್ಟಿದ್ದ ಹಳೇ ಸೆನ್ಸರನ್ನೂ ಅಳೆದು ನೋಡಿದರು. ಅದರ ಹೀಟರ್ ಸರಿಯಾಗಿಯೇ ಇತ್ತು.

ಮಲೆನಾಡಿನಲ್ಲಿ ಇದು ಅಪರೂಪವೇನಲ್ಲ. ಮಳೆಗಾಲದಲ್ಲಿ ಇಲಿಗಳಿಗೆ ಬಾನೆಟ್ ಒಳಗಿನಷ್ಟು ಬೆಚ್ಚಗಿನ ಜಾಗ ಬೇರೆಲ್ಲಿ ಸಿಗುತ್ತದೆ? ಅದರ ಮೇಲೆ ತೇವ. ಕಪ್ಲರಿನ ಪಿನ್ನುಗಳು ಹಸಿರುಗಟ್ಟುತ್ತವೆ, ಬ್ಯಾಟರಿಯಿಂದ ಕಾರಿನ ಬಾಡಿಯ ಕಡೆಗೆ ಹೋಗುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿಯುತ್ತದೆ, ವಾಟರ್ ಸರ್ವಿಸ್ ಮಾಡುವ ಹುಡುಗರು ಎಂಜಿನ್ ಮೇಲೇ ಜೋರಾಗಿ ನೀರು ಬಿಡುತ್ತಾರೆ. ಎಂಜಿನ್ ಕಂಪ್ಯೂಟರ್ ಬಹಳಷ್ಟು ಸೆನ್ಸರುಗಳಿಗೆ ಕೊಡೋದೇ 5 ವೋಲ್ಟ್. ಅದರಲ್ಲಿ ಅರ್ಧ ವೋಲ್ಟ್ ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ. ಬ್ಯಾಟರಿ ಸೋತಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದು ಕೂರುತ್ತವೆ, ಪಾರ್ಟ್ ಮಾರುವವರಿಗೆ ಹಬ್ಬ.

ನಮ್ಮಲ್ಲಿ ಬಿಎಸ್-4 (ಹೊಗೆ ನಿಯಂತ್ರಣದ ಮಾನದಂಡ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಪತ್ತೆ ಮಾಡಿ ಕೋಡ್ ಇಡುವ ವ್ಯವಸ್ಥೆ, ಬಂದಿದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ ಅದರದ್ದೇ. ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ನೋಡುವ ಪುಟ್ಟ ಬ್ಲೂಟೂತ್ ಸಾಧನ ಕಡಿಮೆ ಬೆಲೆಗೇ ಸಿಗುತ್ತದೆ. ಕೋಡ್ ಒಂದನ್ನೇ ನೋಡಬೇಡಿ, ಲೈವ್ ಡೇಟಾ, ಅಂದರೆ ಸೆನ್ಸರುಗಳು ಆ ಕ್ಷಣಕ್ಕೆ ಕೊಡುತ್ತಿರುವ ಅಂಕಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ತಾಪಮಾನ, ಒಳಗೆ ಬರುವ ಗಾಳಿಯ ತಾಪಮಾನ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು 22 ತೋರಿಸಿ ಇನ್ನೊಂದು ಮೈನಸ್ 40 ಡಿಗ್ರಿ ತೋರಿಸಿದರೆ ತೀರ್ಥಹಳ್ಳಿಯಲ್ಲಿ ಹಿಮ ಬಿದ್ದಿಲ್ಲ, ವೈರು ಕಟ್ ಆಗಿರಬೇಕು ಅಥವಾ ಕಪ್ಲರ್ ಬಿಟ್ಟಿರಬೇಕು. ವೈರು, ಕಪ್ಲರ್ ಎರಡೂ ಸರಿ ಇದ್ದರೆ ಆಮೇಲೆ ಸೆನ್ಸರ್ ಮೇಲೆ ಅನುಮಾನ ಪಡೋಣ.

ಇತ್ತೀಚೆಗೆ ಎಲ್ಲದಕ್ಕೂ ಎಥೆನಾಲನ್ನು ಬೈಯುವುದು ಶುರುವಾಗಿದೆ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲ್ ಹಾಕಿದಾಗ ಎಂಜಿನ್ನಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕಾಗುತ್ತದೆ, ಕಂಪ್ಯೂಟರ್ ಅದನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಹಳೇ ಕಾರಿನ ರಬ್ಬರ್ ಪೈಪು ಸೀಳಿ ಗಾಳಿ ಎಳೆಯುತ್ತಿದ್ದರೆ ಆ ಮಿತಿ ಬೇಗ ದಾಟಿ, ಗಾಳಿ ಜಾಸ್ತಿ ಇಂಧನ ಕಡಿಮೆ ಅನ್ನುವ ಕೋಡ್ ಪಿ0171 ಬರಬಹುದು. ಆಗ ಪೈಪು ಬದಲಿಸಿ ಅಂದರೆ ಆಕ್ಸಿಜನ್ ಸೆನ್ಸರ್ ಬದಲಿಸುವವರಿಗೆ ಏನು ಹೇಳೋಣ?

ಇನ್ನು ‘ರೀಸೆಟ್ ಮಾಡಿ ಕೊಡ್ತೀನಿ ಸಾರ್’ ಅನ್ನುವವರು. ಕೋಡ್ ಅಳಿಸಿದರೆ, ತೊಂದರೆ ಆದ ಹೊತ್ತಿನಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಕಾರು ಎಷ್ಟು ವೇಗದಲ್ಲಿತ್ತು ಅನ್ನುವ ದಾಖಲೆಯೂ ಅಳಿಸಿಹೋಗುತ್ತದೆ. ಹುಡುಕಲು ಇದ್ದ ಸುಳಿವನ್ನೇ ಸುಮ್ನೆ ಕಳೆದುಕೊಂಡಂತೆ. ಕೋಡ್ ಅಳಿಸಿದ್ದು ಎಮಿಷನ್ ಟೆಸ್ಟಿನಲ್ಲೂ ಸಿಕ್ಕಿಬೀಳೋದಿಲ್ಲ. ಅಲ್ಲಿ ಸೈಲೆನ್ಸರಿಗೆ ನಳಿಗೆ ಹಾಕಿ ಹೊಗೆ ಅಳೆಯುತ್ತಾರೆ, ಸಾಕೆಟ್ಟಿಗೆ ಸ್ಕ್ಯಾನರ್ ಹಾಕುವುದಿಲ್ಲ.

ಹಾಗಂತ ಲೈಟನ್ನು ಕಡೆಗಣಿಸಿ ಓಡಿಸಿ ಅಂತ ನಾನು ಹೇಳ್ತಿಲ್ಲ. ಹಳದಿ ಲೈಟು ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ವೇಗ ಇಳಿಸಿ ಬೇಗ ತೋರಿಸಿ, ಇಲ್ಲದಿದ್ದರೆ ಹೊಗೆಯ ವಿಷ ಕಡಿಮೆ ಮಾಡುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಕೆಂಪು ಆಯಿಲ್ ಲೈಟು ಅಥವಾ ಟೆಂಪರೇಚರ್ ಲೈಟು ಬಂದರೆ ಅಲ್ಲೇ ನಿಲ್ಲಿಸಿ.

ಗ್ಯಾರೇಜಿನವರಲ್ಲಿ ಕೇಳೋದು ಇಷ್ಟು. ಬಿಲ್ಲಿನಲ್ಲಿ ಕೋಡ್ ಬರೆಯಿರಿ, ಏನು ಅಳೆದು ನೋಡಿದಿರಿ ಅಂತ ಒಂದು ಸಾಲು ಬರೆಯಿರಿ, ಬಿಚ್ಚಿದ ಹಳೇ ಪಾರ್ಟನ್ನು ವಾಪಸ್ ಕೊಡಿ. ಬಿಲ್ಲೇ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೂರು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಆದರೆ ತಪ್ಪು ಒಂದೇ ಕಡೆ ಇಲ್ಲ. ಸೆನ್ಸರಿಗೆ ಐದು ಸಾವಿರ ಅಂದರೆ ಮಾತಾಡದೆ ಕೊಡುವ ನಾವು, ಎರಡು ಗಂಟೆ ಬಗ್ಗಿ ವೈರು ಹುಡುಕಿದವರು ಐನೂರು ಕೇಳಿದರೆ ‘ಬರೀ ನೋಡೋಕೆ ಇಷ್ಟಾ?’ ಅಂತೀವಿ, ಅಲ್ವಾ? ಹೀಗಿದ್ದರೆ ಅವರಾದರೂ ಯಾಕೆ ಹುಡುಕುತ್ತಾರೆ, ಪಾರ್ಟ್ ಮಾರುತ್ತಾರೆ. ಗ್ಯಾರೇಜಿನವರು ತಪಾಸಣೆಯ ಕೂಲಿ ಎಷ್ಟು ಅಂತ ಗೋಡೆಯ ಮೇಲೆ ಬೋರ್ಡ್ ಹಾಕಲಿ. ಅದನ್ನು ಚೌಕಾಸಿ ಇಲ್ಲದೆ ಕೊಡೋಕೆ ನಾನಂತೂ ತಯಾರಿದ್ದೇನೆ.

– ಒಬ್ಬ ಓದುಗ, ತೀರ್ಥಹಳ್ಳಿ