ಅಡ್ವೆಂಚರ್ ಪುಸ್ತಕಗಳ ಬಾಡಿಗೆಯಲ್ಲಿ ಒಂದು ಬದಲಾವಣೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ರೋಲ್‌ಪ್ಲೇ ಆಟದ (ಒಬ್ಬರು ಕಥೆ ನಡೆಸುತ್ತಾ, ಉಳಿದವರು ಒಂದೊಂದು ಪಾತ್ರವಾಗಿ ಆಡುವ ಆಟ) ಅಡ್ವೆಂಚರ್ ಪುಸ್ತಕಗಳನ್ನು, ಅಂದರೆ ಆಡಿಸುವ ಕಥೆ ಇರುವ ಪುಸ್ತಕಗಳನ್ನು, ಹದಿನೈದು ದಿನದ ಬಾಡಿಗೆಗೆ ಕೊಡುವುದನ್ನು ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಸಣ್ಣ ಅಡ್ವೆಂಚರ್‌ಗಳನ್ನು ಒಂದು ತಿಂಗಳು, ತಿಂಗಳುಗಟ್ಟಲೆ ಆಡುವ ದೊಡ್ಡ ಕ್ಯಾಂಪೇನ್ ಪುಸ್ತಕಗಳನ್ನು ಆರು ತಿಂಗಳು ಇಟ್ಟುಕೊಳ್ಳಬಹುದು. ಡೆಪಾಸಿಟ್ ಮೊದಲಿನಷ್ಟೇ. ಆದರೆ ದೊಡ್ಡ ಪುಸ್ತಕ ಒಯ್ಯುವ ಮುಂಚೆ ಕೌಂಟರ್‌ನಲ್ಲಿ ಸ್ವಲ್ಪ ಹೊತ್ತು ಕೂತು ನಿಮ್ಮ ಗುಂಪಿನ ಬಗ್ಗೆ ಹೇಳಬೇಕು. ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ ಸೇರ್ತೀರಿ, ಯಾರಿಗೆ ಏನು ಇಷ್ಟ, ಯಾರಿಗೆ ಏನು ಬೇಡ, ಇಷ್ಟೇ.

ಯಾಕೆ ಅಂತ ಹೇಳ್ತೀವಿ. ಹೊಸ ಗುಂಪುಗಳು ಜಾಸ್ತಿ ಕೇಳುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇ ಆಟದ 'ಕರ್ಸ್ ಆಫ್ ಸ್ಟ್ರಾಡ್'. ತುಂಬಾ ಒಳ್ಳೆಯ ಪುಸ್ತಕ, ಅನುಮಾನವೇ ಇಲ್ಲ. 1983ರ 'ರೇವನ್‌ಲಾಫ್ಟ್' ಎಂಬ ಸಣ್ಣ ಅಡ್ವೆಂಚರನ್ನು ಬೆಳೆಸಿ 2016ರಲ್ಲಿ ತಂದಿದ್ದು. ಆದರೆ ಅದು 256 ಪುಟ, ಪಾತ್ರಗಳು ಒಂದನೇ ಲೆವೆಲ್‌ನಿಂದ (ಪಾತ್ರದ ಶಕ್ತಿ ಏರುವ ಮೆಟ್ಟಿಲು) ಹತ್ತರವರೆಗೂ ಬೆಳೆಯುತ್ತವೆ. ತಿಂಗಳಿಗೆ ಎರಡು ಭಾನುವಾರ ಸೇರುವವರಿಗೆ ವರ್ಷವಾದರೂ ಬೇಕು. ಹದಿನೈದು ದಿನಕ್ಕೆ ಕೊಟ್ಟರೆ ಆಟ ನಡೆಸುವವರು ಓದಿ ಮುಗಿಸುವುದೇ ಕಷ್ಟ. ಇನ್ನೊಂದು ವಿಷಯ: ಅದು ಮಂಜು ಮುತ್ತಿದ, ಒಳಗೆ ಹೋದವರು ಹೊರಗೆ ಬರಲಾಗದ ನಾಡಿನ ಕಥೆ. ಮಕ್ಕಳಿಗೆ ಆಗುವ ಹಿಂಸೆಯೂ ಬರುತ್ತದೆ. ಟೇಬಲ್ ಸುತ್ತ ಕೂತ ಐವರಲ್ಲಿ ಒಬ್ಬರಿಗೆ ಅದು ಬೇಡ ಅನ್ನಿಸಿದರೂ ಆಟ ಕಳೆಗಟ್ಟುವುದಿಲ್ಲ. ಮೊದಲೇ ಎಲ್ಲರನ್ನೂ ಕೇಳಿಬಿಡುವುದು ಒಳ್ಳೆಯದು, ಅಲ್ವಾ?

ಮೊದಲ ಸಲ ಆಡುವವರಿಗೆ ನಾವು ಕೊಡುವುದು 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್'. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ 64 ಪುಟದ ಪುಸ್ತಕ, ಐದನೇ ಲೆವೆಲ್‌ಗೆ ಮುಗಿಯುತ್ತದೆ. ಅದರ ಆರಂಭ ನೋಡಿ. ಆಟಗಾರರು ಸಾಮಾನು ತುಂಬಿದ ಗಾಡಿ ಹೊಡೆದುಕೊಂಡು ಊರೊಂದಕ್ಕೆ ಹೊರಟಿರುತ್ತಾರೆ. ದಾರಿ ತಿರುಗಿದರೆ ಎರಡು ಕುದುರೆ ಸತ್ತು ಬಿದ್ದಿವೆ, ಮೈಗೆ ಕಪ್ಪು ಗರಿಯ ಬಾಣಗಳು ನಾಟಿವೆ. ಹತ್ತಿರ ಹೋಗಿ ನೋಡೋಣ ಅನ್ನುವಷ್ಟರಲ್ಲಿ ಪೊದೆಯಿಂದ ಗಾಬ್ಲಿನ್ ಎಂಬ ಕುಳ್ಳ ದುಷ್ಟ ಜೀವಿಗಳು ಮೇಲೆ ಬೀಳುತ್ತವೆ. ಅಡಗಿದವರನ್ನು ಗಮನಿಸುವುದು, ಮೊದಲ ಏಟು ಯಾರದ್ದು ಅಂತ ಡೈಸ್ ಹಾಕುವುದು, ಹೊಡೆತ ತಪ್ಪಿತೋ ತಾಗಿತೋ ಲೆಕ್ಕ ಮಾಡುವುದು, ಎಲ್ಲ ಈ ಒಂದೇ ಜಗಳದಲ್ಲಿ ಕಲಿತಾಗುತ್ತದೆ. ನಡೆಸುವವರಿಗೂ ಅದೇ ಪಾಠ. ಇಷ್ಟು ಚೆನ್ನಾಗಿ ಕೈಹಿಡಿದು ನಡೆಸುವ ಪುಸ್ತಕ ನಮ್ಮ ಕಪಾಟಿನಲ್ಲಿ ಇನ್ನೊಂದಿಲ್ಲ.

ಪ್ರತಿ ವಾರ ಬೇರೆ ಬೇರೆಯವರು ಬರುವ ಗುಂಪಾದರೆ 'ಕ್ಯಾಂಡಲ್‌ಕೀಪ್ ಮಿಸ್ಟರೀಸ್' ಕೇಳಿ. ಅದರಲ್ಲಿ 17 ಬಿಡಿ ಅಡ್ವೆಂಚರ್‌ಗಳಿವೆ, ಹಿಂದಿನದಕ್ಕೆ ಬರದಿದ್ದವರೂ ಮುಂದಿನದಕ್ಕೆ ಆರಾಮಾಗಿ ಕೂರಬಹುದು. ಕತ್ತಿ, ಕಾಳಗಕ್ಕಿಂತ ಪತ್ತೇದಾರಿಕೆ ಇಷ್ಟವಾದರೆ 'ಕಾಲ್ ಆಫ್ ಕ್ತುಲ್ಹು' ಆಟದ 'ದಿ ಹಾಂಟಿಂಗ್' ಇದೆ. ಆಟದ ಉಚಿತ ಕ್ವಿಕ್-ಸ್ಟಾರ್ಟ್ ಪುಸ್ತಕದಲ್ಲೇ ಸಿಗುತ್ತದೆ, ನಮಗೆ ಬಾಡಿಗೆ ಕೊಡುವುದೇ ಬೇಡ.

'ಟೂಂಬ್ ಆಫ್ ಹಾರರ್ಸ್' ಬೇಕು ಅನ್ನುವವರಿಗೂ ಒಂದು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸೃಷ್ಟಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಆ ಅಡ್ವೆಂಚರನ್ನು 1975ರಲ್ಲಿ ಒಂದು ಸ್ಪರ್ಧೆಯಲ್ಲಿ ಆಡಿಸಿದ್ದರು. ಪಾತ್ರಗಳು ಸಾಯುವುದೇ ಅದರಲ್ಲಿ ಮಾಮೂಲು. ತಿಂಗಳುಗಟ್ಟಲೆ ಅಕ್ಕರೆಯಿಂದ ಬೆಳೆಸಿದ ಪಾತ್ರವನ್ನು ಅಲ್ಲಿಗೆ ಒಯ್ಯಬೇಡಿ. ಒಂದು ಸಂಜೆಗೆಂದೇ ಹೊಸ ಪಾತ್ರ ಮಾಡಿಕೊಂಡು ಹೋಗಿ, ಖುಷಿಯಾಗುತ್ತದೆ.

ಪುಸ್ತಕವನ್ನು ಆಟ ನಡೆಸುವ ಒಬ್ಬರ ಹೆಸರಿಗೆ ಮಾತ್ರ ಕೊಡುತ್ತೇವೆ. ಉಳಿದವರು ದಯವಿಟ್ಟು ತೆರೆಯಬೇಡಿ. ಮುಂದೇನು ಅಂತ ಗೊತ್ತಾದರೆ ಸ್ವಾರಸ್ಯವೇ ಹೋಗುತ್ತದೆ.

ಈಗಾಗಲೇ ಪುಸ್ತಕ ಒಯ್ದಿರುವವರಿಗೂ ಹೊಸ ಅವಧಿಯೇ ಸಿಗುತ್ತದೆ, ಹೆಚ್ಚು ದುಡ್ಡು ಕೊಡಬೇಕಿಲ್ಲ. ಕಾರ್ಡ್ ತಂದರೆ ತಾರೀಖು ತಿದ್ದಿಕೊಡುತ್ತೇವೆ. ಶನಿವಾರ, ಭಾನುವಾರ ಜನ ಜಾಸ್ತಿ, ಮಾತಾಡಲು ವಾರದ ದಿನ ಸಂಜೆ ಬಂದರೆ ಅನುಕೂಲ.

ಇಂತಿ,
ನಿಮ್ಮ ಆಟದಂಗಡಿಯ ಬಳಗ