ಪುಡಿ ಮಾಡುವ ಮೊದಲು ಆಕ್ಸಲ್ ಬಿಚ್ಚಲು ಬಿಡಿ

ಮಾನ್ಯ ಸಂಪಾದಕರೇ,

ಹಳೆ ಗಾಡಿಗಳನ್ನು ಗುಜರಿಗೆ ಹಾಕುವ ನೀತಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಹೊಗೆ ಉಗುಳುವ ಗಾಡಿಗಳು ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗುಜರಿಯಿಂದ ತಂದ ಯಾವ ಬಿಡಿಭಾಗವೂ ನಂಬಿಕೆಗೆ ಯೋಗ್ಯವಲ್ಲ ಎಂದು ಒಂದೇ ಏಟಿಗೆ ಬರೆದುಬಿಟ್ಟಿದ್ದೀರಿ. ನನ್ನ 1966ರ ಫೋರ್ಡ್ ಮಸ್ಟಾಂಗ್ ಇವತ್ತು ಓಡುತ್ತಿರುವುದೇ ಗುಜರಿ ಆಕ್ಸಲ್ ಮೇಲೆ, ಅಂದರೆ ಹಿಂದಿನ ಎರಡು ಚಕ್ರಗಳನ್ನು ತಿರುಗಿಸುವ ಅಚ್ಚಿನ ಮೇಲೆ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ನಾನು ದಾವಣಗೆರೆಯವನು. ಕೆಲಸಕ್ಕೆಂದು ಡೆಟ್ರಾಯಿಟ್ ಕಡೆ ಬಂದು ಇಲ್ಲೇ ನೆಲೆಸಿದವನು. ಈ ಊರಲ್ಲಿ ಹಳೆ ಕಾರಿನ ಹುಚ್ಚು ಹಿಡಿಯದೆ ಇರುವುದೇ ಕಷ್ಟ. ನನ್ನ ಕಾರಿನದು 289 ಕ್ಯೂಬಿಕ್ ಇಂಚಿನ ಎಂಜಿನ್, ಎಂಟು ಸಿಲಿಂಡರ್, ಸುಮಾರು 4.7 ಲೀಟರ್. ಎಂಜಿನ್‌ಗೆ ದಮ್ಮು ಬೇಕಾದಷ್ಟಿದೆ. ತೊಂದರೆ ಇದ್ದದ್ದು ಹಿಂದೆ, ಡಿಫರೆನ್ಷಿಯಲ್‌ನಲ್ಲಿ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಇದಕ್ಕೆ ದಾರಿ ಮಾಡಿಕೊಡುವುದೇ ಡಿಫರೆನ್ಷಿಯಲ್. ಆದರೆ ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೆ ಅದೇ ಗಿರ್ ಅಂತ ಸುತ್ತುತ್ತದೆ, ಇನ್ನೊಂದು ಕದಲುವುದಿಲ್ಲ. ಇಲ್ಲಿ ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೆ ಕಾರುಗಳ ಜಾತ್ರೆಯೇ ನಡೆಯುತ್ತದೆ, 1995ರಿಂದಲೂ. ಮಳೆ ಬಂದ ಒಂದು ವರ್ಷ ಒದ್ದೆ ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಹೊರಡುವಾಗ ನಾಲ್ಕು ಜನರ ಕೈಯಲ್ಲಿ ತಳ್ಳಿಸಿಕೊಂಡೆ. ಇಷ್ಟು ದೊಡ್ಡ ಎಂಜಿನ್ ಇಟ್ಟುಕೊಂಡು!

ಇದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಅದರೊಳಗೆ ಕ್ಲಚ್ ಪ್ಲೇಟ್‌ಗಳಿರುತ್ತವೆ. ಅವು ಎರಡೂ ಕಡೆಯ ಗೇರ್‌ಗಳನ್ನು ಬಿಗಿಯಾಗಿ ಹಿಡಿದು, ಜಾರುವ ಚಕ್ರಕ್ಕೆ ಪೂರ್ತಿ ಬಿಟ್ಟುಕೊಡದೆ ನೆಲ ಹಿಡಿದಿರುವ ಚಕ್ರಕ್ಕೂ ಬಲ ಕಳಿಸುತ್ತವೆ. ಇದು ರೇಸಿನವರ ಶೋಕಿ ಅಂದುಕೊಳ್ಳಬೇಡಿ. ಮಂಜುಗಡ್ಡೆ ಮೇಲೆ ಮಾತ್ರ ಇದರ ಜೊತೆ ಹುಷಾರಾಗಿರಬೇಕು. ಎರಡೂ ಚಕ್ರ ಒಟ್ಟಿಗೆ ಜಾರಿದರೆ ಕಾರಿನ ಹಿಂಭಾಗವೇ ಪಕ್ಕಕ್ಕೆ ಹೋಗುತ್ತದೆ.

ಅಂಥ ಡಿಫರೆನ್ಷಿಯಲ್ ಹೊಸದು ಕೊಳ್ಳಲು ದುಡ್ಡು ಜಾಸ್ತಿ. ಇಲ್ಲಿನ ಹಳೆ ಮಸ್ಟಾಂಗ್‌ನವರಿಗೆಲ್ಲ ಗೊತ್ತಿರುವ ದಾರಿ ಬೇರೆ ಇದೆ: 1995ರಿಂದ 2001ರವರೆಗಿನ, ಜೀಪಿನಂಥ ದೊಡ್ಡ ಗಾಡಿ ಫೋರ್ಡ್ ಎಕ್ಸ್‌ಪ್ಲೋರರ್‌ನ ಹಿಂದಿನ ಆಕ್ಸಲ್. ಒಳಗಿನ ದೊಡ್ಡ ಗೇರ್, ಅಂದರೆ ಕ್ರೌನ್, 8.8 ಇಂಚಿನದು, ಶಾಫ್ಟ್‌ಗೆ 31 ಹಲ್ಲು, ಜೊತೆಗೆ ಡಿಸ್ಕ್ ಬ್ರೇಕ್. ಚಕ್ರದ ಐದು ಬೋಲ್ಟ್‌ಗಳ ಅಳತೆಯೂ ನನ್ನ ಕಾರಿನದೇ.

ಇಲ್ಲಿನ ಗುಜರಿ ಅಂಗಳದಲ್ಲಿ ಬಾಗಿಲಲ್ಲಿ ಒಂದೆರಡು ಡಾಲರ್ ಕೊಟ್ಟು ಒಳಗೆ ಹೋಗಬೇಕು. ಸ್ಪ್ಯಾನರ್, ಜಾಕ್ ಎಲ್ಲ ನಮ್ಮದೇ. ಬೇಕಾದ್ದನ್ನು ನಾವೇ ಬಿಚ್ಚಿಕೊಂಡು, ಗೋಡೆ ಮೇಲೆ ಬರೆದಿರುವ ರೇಟಿಗೆ ದುಡ್ಡು ಕೊಟ್ಟು ಬರಬೇಕು. ಎಕ್ಸ್‌ಪ್ಲೋರರ್‌ಗಳ ಸಾಲಿನಲ್ಲಿ ಮೊದಲು ಡ್ರೈವರ್ ಬಾಗಿಲ ಪಕ್ಕದ ಚೀಟಿ ನೋಡುತ್ತೇವೆ. ಆಕ್ಸಲ್ ಜಾಗದಲ್ಲಿ ಡಿ4 ಅಂತಿದ್ದರೆ 3.73 ರೇಷಿಯೋ (ಎಂಜಿನ್ ಕಡೆಯಿಂದ ಬರುವ ಶಾಫ್ಟ್ 3.73 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು), ಲಿಮಿಟೆಡ್ ಸ್ಲಿಪ್. ಆಮೇಲೆ ಕೆಳಗೆ ಮಲಗಿ, ಡಿಫರೆನ್ಷಿಯಲ್ ಮುಚ್ಚಳದ ಒಂದು ಬೋಲ್ಟ್‌ಗೆ ಸಿಕ್ಕಿಸಿರುವ ತಗಡಿನ ಬಿಲ್ಲೆ ಹುಡುಕಬೇಕು. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಅಡಿಯಲ್ಲಿರುವುದೆಲ್ಲ ತುಕ್ಕು. ತಂತಿ ಬ್ರಷ್ ಹಾಕಿ ಉಜ್ಜಿದರೆ 3ಎಲ್73 ಅಂತ ಮೂಡುತ್ತದೆ. ನಡುವಿನ ಆ 'ಎಲ್' ಇಲ್ಲದಿದ್ದರೆ ಮಾಮೂಲಿ ಮಾಲು, ಮುಂದಿನ ಗಾಡಿಗೆ ಹೋಗಿ.

ಮುಚ್ಚಳ ತೆಗೆದಾಗ ಬರುವ ಗೇರ್ ಎಣ್ಣೆಯ ವಾಸನೆ ಸ್ನಾನ ಮಾಡಿದರೂ ಹೋಗುವುದಿಲ್ಲ, ಮನೆಯವಳು ಅವತ್ತು ಊಟವನ್ನು ಹೊರಗೇ ಕೊಟ್ಟಳು. ಒಳಗೆ ಒಂದು ಪುಟ್ಟ ಬೋಲ್ಟ್ ಇದೆ, ನಡುವಿನ ಪಿನ್ನು ಹಿಡಿದಿರುವುದು. ಅವಸರಪಟ್ಟರೆ ಅಲ್ಲೇ ಮುರಿಯುತ್ತದೆ. ಅದು ಬಂತೆಂದರೆ ಪಿನ್ನು ಎಳೆದು, ಶಾಫ್ಟನ್ನು ಒಳಕ್ಕೆ ತಳ್ಳಿದರೆ ಸಾಕು, ಶಾಫ್ಟನ್ನು ಹಿಡಿದಿರುವ ತುದಿಯ ಸಿ-ಕ್ಲಿಪ್ ಕಳಚಿ ಬೀಳುತ್ತದೆ.

ಹಾಗಂತ ಅದು ಬಿಚ್ಚಿ ಹಾಗೇ ಕೂರಿಸುವ ಮಾಲಲ್ಲ. ಎಕ್ಸ್‌ಪ್ಲೋರರ್ ಆಕ್ಸಲ್‌ನ ಅಗಲ ಸುಮಾರು 59.5 ಇಂಚು, ನನ್ನ ಕಾರಿಗೆ ಅದು ಜಾಸ್ತಿ. ಕ್ರೌನನ್ನು ತಿರುಗಿಸುವ ಸಣ್ಣ ಗೇರ್, ಪಿನಿಯನ್, ಕೂಡ ನಡುವಿಲ್ಲ. ಶಾಫ್ಟ್ ಕೂರುವ ಎಡಗಡೆಯ ಉದ್ದದ ಕೊಳವೆಯನ್ನು ಸುಮಾರು 3 ಇಂಚು ಕತ್ತರಿಸಿ, ಆ ಕಡೆಗೂ ಬಲಗಡೆಯ ಗಿಡ್ಡ ಶಾಫ್ಟನ್ನೇ ಹಾಕಬೇಕು. ಅಂದರೆ ಇನ್ನೊಂದು ಎಕ್ಸ್‌ಪ್ಲೋರರ್‌ನ ಬಲಗಡೆ ಶಾಫ್ಟೂ ಬೇಕು. ಕತ್ತರಿಸಿ ಬೆಸೆಯುವ ಕೆಲಸವನ್ನು ನಾನು ಮೆಷಿನ್ ಶಾಪ್‌ಗೆ ಕೊಟ್ಟೆ. ಕೊಳವೆ ಕೂದಲೆಳೆಯಷ್ಟು ಸೊಟ್ಟಗಾದರೂ ಬೇರಿಂಗ್, ಆಯಿಲ್ ಸೀಲ್ ಬಾಳುವುದಿಲ್ಲ. ಕ್ಲಚ್ ಪ್ಲೇಟ್, ಸೀಲ್, ಬೇರಿಂಗ್ ಹೊಸದನ್ನೇ ಹಾಕಿದೆ. ಎಣ್ಣೆಗೆ ಲಿಮಿಟೆಡ್ ಸ್ಲಿಪ್‌ನದೇ ಬೇರೆ ಅಡಿಟಿವ್ ಬೆರೆಸಬೇಕು. ಮರೆತರೆ ತಿರುವಿನಲ್ಲಿ ಕಟಕಟ ಸದ್ದು.

ಈಗ ನಿಮ್ಮ ಲೇಖನಕ್ಕೆ ಬರುತ್ತೇನೆ. 2009ರಲ್ಲಿ ಅಮೆರಿಕ ಸರ್ಕಾರವೂ ಹಳೆ ಗಾಡಿ ಕೊಟ್ಟವರಿಗೆ 4,500 ಡಾಲರ್‌ವರೆಗೆ ಸಹಾಯಧನ ಕೊಟ್ಟಿತು. ಸುಮಾರು 6.77 ಲಕ್ಷ ಗಾಡಿಗಳು ಹೋದವು. ಅತಿ ಹೆಚ್ಚು ಬಂದದ್ದು ಇದೇ ಎಕ್ಸ್‌ಪ್ಲೋರರ್, ಫೋರ್ ವೀಲ್ ಡ್ರೈವ್‌ನದು. ಮತ್ತೆ ರಸ್ತೆಗಿಳಿಯಬಾರದು ಅಂತ ಎಣ್ಣೆ ತೆಗೆದು ಸೋಡಿಯಂ ಸಿಲಿಕೇಟ್ ಎಂಬ ರಾಸಾಯನಿಕ ಸುರಿದು ಎಂಜಿನ್ ಓಡಿಸಿ ಸಾಯಿಸಿದರು. ಆದರೆ ಆ ಕಾನೂನಿನಲ್ಲೇ ಒಂದು ಮಾತಿತ್ತು: ಗೇರ್‌ಬಾಕ್ಸ್, ಅಲ್ಲಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಇವನ್ನು ಬಿಡಿಬಿಡಿಯಾಗಿ ಮಾರಬಹುದು. ಹೊಗೆ ಉಗುಳುವುದು ಎಂಜಿನ್, ಆಕ್ಸಲ್ ಅಲ್ಲ ಅಲ್ವಾ?

ನಮ್ಮ ಭಾರತದಲ್ಲೂ ಗುಜರಿ ಕೇಂದ್ರದವರು ಚಾಸಿ ನಂಬರಿನ ತುಂಡನ್ನು ಕತ್ತರಿಸಿ 6 ತಿಂಗಳು ಜೋಪಾನವಾಗಿ ಇಡಬೇಕು ಎಂಬ ನಿಯಮ 2021ರಲ್ಲೇ ಬಂದಿದೆ. ಅಷ್ಟು ಲೆಕ್ಕ ಇಡಲು ಆಗುವುದಾದರೆ, ಬಿಚ್ಚಿದ ಆಕ್ಸಲ್‌ಗೂ ಗೇರ್‌ಬಾಕ್ಸ್‌ಗೂ ಒಂದೊಂದು ಬಿಲ್ಲೆ ಕಟ್ಟಲು ಏನು ಕಷ್ಟ? ಯಾವ ಗಾಡಿಯದು, ಯಾವ ವರ್ಷದ್ದು, ರೇಷಿಯೋ ಎಷ್ಟು, ಚಾಸಿ ನಂಬರ್ ಯಾವುದು. ಕದ್ದ ಮಾಲಿನ ಭಯಕ್ಕೂ ಅದೇ ಮದ್ದು. ಶಿವಾಜಿನಗರದ ಗುಜರಿಯಲ್ಲಿ ಕೈಯಲ್ಲಿ ತಿರುಗಿಸಿ ನೋಡಿ, ಅಂದಾಜಿನ ಮೇಲೆ ಕೊಳ್ಳುವುದಕ್ಕಿಂತ ಇದು ವಾಸಿ. ಸಕಲೇಶಪುರ, ಕೊಡಗಿನ ತೋಟದ ಜೀಪಿನವರನ್ನು ಕೇಳಿ ನೋಡಿ, ಮೊದಲ ಗಿರಾಕಿಗಳು ಅವರೇ.

ಬ್ರೇಕ್ ಹೋಸ್, ಸ್ಟೀರಿಂಗ್ ಬಾಲ್ ಜಾಯಿಂಟ್ ಇಂಥವನ್ನು ಗುಜರಿಯಿಂದ ತರಬೇಡಿ ಎಂದು ನೀವು ಬರೆದಿದ್ದರೆ ನಾನೂ ಕೈಜೋಡಿಸುತ್ತಿದ್ದೆ. ಮುಂದಿನ ಸಲ ನಿಮ್ಮ ವರದಿಗಾರರು ಸಾರಿಗೆ ಇಲಾಖೆಯವರನ್ನು ಭೇಟಿಯಾದಾಗ ಬಿಲ್ಲೆಯ ವಿಷಯ ಒಮ್ಮೆ ಕೇಳಲಿ. ಉತ್ತರ ಏನೇ ಬಂದರೂ ಅಚ್ಚು ಹಾಕಿ.

– ದಾವಣಗೆರೆಯ ಒಬ್ಬ ಓದುಗ, ಮಿಷಿಗನ್, ಅಮೆರಿಕ